ಕಡಲು ಕಾಣದ ಕಡೆ: ಬ್ಯಾಂಡನ್ ಡ್ಯೂನ್ಸ್‌ನ ಐದು ಗಾಲ್ಫ್ ಕೋರ್ಸ್‌ಗಳು

ಅಮೆರಿಕದ ಬ್ಯಾಂಡನ್ ಡ್ಯೂನ್ಸ್ ರೆಸಾರ್ಟಿನ ಓಲ್ಡ್ ಮ್ಯಾಕ್‌ಡೊನಾಲ್ಡ್ ಕೋರ್ಸಿನ ಹನ್ನೆರಡನೆಯ ಹೋಲ್‌ನ ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತು ಗ್ರೀನ್ (ಕುಳಿಯೂ ಬಾವುಟವೂ ಇರುವ ನುಣುಪಾದ ಹುಲ್ಲುಹಾಸು) ಕಡೆ ನೋಡಿದಾಗ, ಈ ಜಾಗವನ್ನು ಹಿಂದಿನ ದಿನವೇ ನೋಡಿದ್ದೇನೆ ಎನ್ನಿಸಿತು. ಅದೊಂದು ಪಾರ್ 3 ಹೋಲ್, ಅಂದರೆ ಮೂರು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ಗ್ರೀನ್ ಬಲಮುಂಭಾಗದಿಂದ ಎಡಹಿಂಭಾಗಕ್ಕೆ ಓರೆಯಾಗಿ ಚಾಚಿಕೊಂಡು ಅದೇ ದಿಕ್ಕಿಗೆ ಇಳಿಜಾರಾಗಿತ್ತು. ಎಡಮುಂಭಾಗದಲ್ಲಿ ಆಳವಾದ ಬಂಕರ್ (ಮರಳುಗುಳಿ) ಬಾಯಿ ತೆರೆದುಕೊಂಡಿತ್ತು. ಬಾವುಟ ಆ ಬಂಕರಿನ ಬೆನ್ನಿಗೇ ಇತ್ತು. ಬಾವುಟವನ್ನು ಮರೆತು ಗ್ರೀನಿನ ಬಲಭುಜಕ್ಕೆ ಹೊಡೆಯಿರಿ, ಉಳಿದ ಕೆಲಸವನ್ನು ನೆಲವೇ ಮಾಡುತ್ತದೆ ಎಂದು, ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿ ಹೇಳಿದರು. ಹಾಗೆಯೇ ಹೊಡೆದೆ. ಚೆಂಡು ಬಲಭುಜದ ಮೇಲೆ ಬಿದ್ದು ಎರಡು ಸಲ ಪುಟಿದು, ಇನ್ನೇನು ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಎಡಕ್ಕೆ ಹೊರಳಿತು. ಮೊದಲು ಅಂಗುಲ ಅಂಗುಲವಾಗಿ, ಆಮೇಲೆ ಇಳಿಜಾರಿನ ಎಳೆತಕ್ಕೆ ಸಿಕ್ಕು ಸ್ವಲ್ಪ ಬಿರುಸಾಗಿ, ಬಂಕರಿನ ಹಿಂದಿನಿಂದ ಸುತ್ತಿಕೊಂಡು ಹೋಗಿ ಬಾವುಟದಿಂದ ಹತ್ತು ಅಡಿ ದೂರದಲ್ಲಿ ನಿಂತಿತು. ಚೆಂಡು ಗಾಳಿಯಲ್ಲಿ ಕಳೆದ ಸಮಯಕ್ಕಿಂತ ನೆಲದ ಮೇಲೆ ಕಳೆದ ಸಮಯವೇ ಹೆಚ್ಚು.

ಹಿಂದಿನ ದಿನ ಪೆಸಿಫಿಕ್ ಡ್ಯೂನ್ಸ್ ಕೋರ್ಸಿನ ಹದಿನೇಳನೆಯ ಹೋಲ್‌ನಲ್ಲಿ ನಾನು ಆಡಿದ್ದೂ ಇದೇ ಹೊಡೆತವನ್ನು. ಎರಡರ ಮೂಲವೂ ಒಂದೇ: ಸ್ಕಾಟ್ಲೆಂಡಿನ ನಾರ್ತ್ ಬೆರ್ವಿಕ್‌ನ ಹದಿನೈದನೆಯ ಹೋಲ್. ಕೋಟೆಯ ಮುಂಚಾಚಿದ ಮೂಲೆಗೆ ಸೈನಿಕರು ಹೇಳುವ ‘ರೆಡಾನ್’ ಎಂಬ ಹೆಸರು ಆ ಹೋಲ್‌ಗೆ ಅಂಟಿಕೊಂಡು, ಅಲ್ಲಿಂದ ಜಗತ್ತಿನ ಅದೆಷ್ಟೋ ಕೋರ್ಸ್‌ಗಳಿಗೆ ಹರಡಿದೆ. ಆದರೆ ಪೆಸಿಫಿಕ್ ಡ್ಯೂನ್ಸ್‌ನಲ್ಲಿ ಆಡುವಾಗ ಇದು ರೆಡಾನ್ ಎಂದು ನನಗೆ ಹೊಳೆದಿರಲೇ ಇಲ್ಲ. ಅಲ್ಲಿ ಗ್ರೀನ್ ಮುಳ್ಳುಪೊದೆಯ ಇಳಿಜಾರಿಗೆ ಒರಗಿಕೊಂಡು, ಯಾರೂ ಮಾಡದೆ ತಾನಾಗಿಯೇ ಇದ್ದದ್ದು ಎಂಬಂತಿತ್ತು. ಓಲ್ಡ್ ಮ್ಯಾಕ್‌ಡೊನಾಲ್ಡ್‌ನಲ್ಲಾದರೋ ಹೋಲ್‌ನ ಹೆಸರೇ ರೆಡಾನ್. ಇಳಿಜಾರು ದೊಡ್ಡದು, ಗ್ರೀನ್ ದೊಡ್ಡದು, ತಾನು ಯಾವುದರ ಮರುಹುಟ್ಟು ಎಂಬುದನ್ನು ಅದು ಮುಚ್ಚಿಡುವುದೇ ಇಲ್ಲ. ಹೆಚ್ಚು ಆಶ್ಚರ್ಯದ ಸಂಗತಿಯೆಂದರೆ ಎರಡನ್ನೂ ವಿನ್ಯಾಸ ಮಾಡಿದವರು ಟಾಮ್ ಡೋಕ್ ಎಂಬ ಒಬ್ಬರೇ (ಎರಡನೆಯದಕ್ಕೆ ಜಿಮ್ ಅರ್ಬಿನಾ ಜೊತೆಗಾರರು). ಒಂದೇ ಕರಾವಳಿ, ಒಂದೇ ಮರಳು, ಒಂದೇ ಹುಲ್ಲು, ಒಂದೇ ಉಪಾಯ, ಒಬ್ಬನೇ ಕುಶಲಕರ್ಮಿ. ಆದರೂ ಎರಡು ಅನುಭವಗಳು ಒಂದಕ್ಕೊಂದು ಹೋಲುವುದಿಲ್ಲ. ವಿನ್ಯಾಸ ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆ ಮಧ್ಯಾಹ್ನ. ಆ ವಾರದ ಉಳಿದ ದಿನಗಳಲ್ಲಿ ನಾನು ಅಂಕಗಳ ಲೆಕ್ಕ ಇಡುವುದನ್ನು ಬಿಟ್ಟು ನೆಲವನ್ನು ನೋಡುತ್ತಾ ನಡೆದೆ.

ಅಮೆರಿಕದ ಓರೆಗಾನ್ ರಾಜ್ಯದ ದಕ್ಷಿಣ ಕರಾವಳಿಯಲ್ಲಿ, ಪೋರ್ಟ್‌ಲ್ಯಾಂಡ್ ನಗರದಿಂದ ನಾಲ್ಕು ಗಂಟೆಗೂ ಹೆಚ್ಚಿನ ರಸ್ತೆ ಪ್ರಯಾಣದ ದೂರದಲ್ಲಿ, ಬ್ಯಾಂಡನ್ ಎಂಬ ಪುಟ್ಟ ಊರಿನ ಪಕ್ಕದಲ್ಲಿ ಈ ರೆಸಾರ್ಟ್ ಇದೆ. ಮರುಬಳಕೆಯ ಕಾಗದದ ಶುಭಾಶಯ ಪತ್ರಗಳ ವ್ಯಾಪಾರದಲ್ಲಿ ಹಣ ಗಳಿಸಿದ್ದ ಮೈಕ್ ಕೈಸರ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಕಡಲತಡಿಯ ಲಿಂಕ್ಸ್ ಕೋರ್ಸ್‌ಗಳಿಗೆ ಮನಸೋತು, 1990ರ ದಶಕದ ಆರಂಭದಲ್ಲಿ ಇಲ್ಲಿ ಜಮೀನು ಕೊಂಡರು. ಮೊದಲ ಕೋರ್ಸ್ 1999ರಲ್ಲಿ ತೆರೆಯಿತು. ಈಗ ಪೂರ್ಣ ಪ್ರಮಾಣದ ಐದು ಕೋರ್ಸ್‌ಗಳಿವೆ. ಬ್ಯಾಂಡನ್ ಡ್ಯೂನ್ಸ್, ಪೆಸಿಫಿಕ್ ಡ್ಯೂನ್ಸ್, ಬ್ಯಾಂಡನ್ ಟ್ರೇಲ್ಸ್, ಓಲ್ಡ್ ಮ್ಯಾಕ್‌ಡೊನಾಲ್ಡ್, ಶೀಪ್ ರ‍್ಯಾಂಚ್. ಪಾರ್ 3 ಹೋಲ್‌ಗಳಷ್ಟೇ ಇರುವ ಎರಡು ಕಿರು ಕೋರ್ಸ್‌ಗಳೂ ಇವೆ. ಎಲ್ಲವನ್ನೂ ನಡೆದೇ ಆಡಬೇಕು. ದೈಹಿಕ ತೊಂದರೆ ಇದ್ದವರಿಗೆ ಮಾತ್ರ ಗಾಲ್ಫ್ ಕಾರ್ಟ್ ಸಿಗುತ್ತದೆ. ಈ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಗ್ರೀನ್‌ನಿಂದ ಮುಂದಿನ ಟೀಗೆ ಎಷ್ಟು ಹೆಜ್ಜೆ, ಎಲ್ಲಿ ಏರು, ಎಲ್ಲಿ ತಿರುವು ಎಂಬುದು ಕಾಲಿಗೆ ಗೊತ್ತಾಗದಿದ್ದರೆ ಕೋರ್ಸಿನ ಹೆಣಿಗೆ ಅರ್ಥವಾಗುವುದಿಲ್ಲ.

ಇಲ್ಲಿನ ಹೋಲಿಕೆಗೆ ಬೆಲೆ ಬರುವುದೇ ಎಲ್ಲ ಕೋರ್ಸ್‌ಗಳಿಗೂ ಸಮಾನವಾಗಿರುವ ಸಂಗತಿಗಳಿಂದ. ನೆಲ ಮರಳಿನದು, ಮಳೆ ಸುರಿದರೂ ನೀರು ನಿಲ್ಲುವುದಿಲ್ಲ. ಹುಲ್ಲು ಮುಖ್ಯವಾಗಿ ಫೆಸ್ಕ್ಯೂ. ಸಪೂರ, ಒಣ ಸ್ವಭಾವದ್ದು, ಚೆಂಡನ್ನು ಹಿಡಿದು ನಿಲ್ಲಿಸದೆ ಉರುಳಲು ಬಿಡುವಂಥದ್ದು. ಟೀಯಿಂದ ಗ್ರೀನ್‌ವರೆಗಿನ ಹುಲ್ಲುದಾರಿಯಾದ ಫೇರ್‌ವೇ ಎಲ್ಲಿ ಮುಗಿದು ಗ್ರೀನ್ ಎಲ್ಲಿ ಶುರುವಾಯಿತು ಎಂಬುದು ಎಷ್ಟೋ ಕಡೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಗ್ರೀನಿನಿಂದ ಮೂವತ್ತು ಗಜ ಹೊರಗಿದ್ದಾಗಲೂ ಕ್ಯಾಡಿ ನನ್ನ ಕೈಗೆ, ಚೆಂಡನ್ನು ನೆಲದ ಮೇಲೆ ಉರುಳಿಸುವ ಪಟರ್ ಕೊಡುತ್ತಿದ್ದರು. ಗಾಳಿಯೂ ಎಲ್ಲರಿಗೂ ಒಂದೇ. ಬೇಸಿಗೆಯಲ್ಲಿ ಉತ್ತರದಿಂದ ಬೀಸುತ್ತದೆ, ಚಳಿಗಾಲದ ಬಿರುಗಾಳಿ ದಕ್ಷಿಣದಿಂದ ಬರುತ್ತದೆ. ವರ್ಷದಲ್ಲಿ ಎರಡು ಸಲ ಕೋರ್ಸ್ ತಲೆಕೆಳಗಾದಂತೆ. ಗೋರ್ಸ್ ಎಂಬ ಮುಳ್ಳುಪೊದೆಯೂ ಅಷ್ಟೇ. ಹಳದಿ ಹೂವಿನ ಈ ಗಿಡ ಐರ್ಲೆಂಡಿನಿಂದ ಬಂದು ನೆಲೆಸಿದವರ ಜೊತೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಅದರ ಎಣ್ಣೆಯಂಶಕ್ಕೆ ಬೆಂಕಿ ಬೇಗ ಹಿಡಿಯುತ್ತದೆ. 1936ರಲ್ಲಿ ಹತ್ತಿದ ಬೆಂಕಿ ಬ್ಯಾಂಡನ್ ಊರನ್ನೇ ಹೆಚ್ಚುಕಡಿಮೆ ಸುಟ್ಟುಹಾಕಿತು. ನೆಲ, ಹುಲ್ಲು, ಗಾಳಿ, ಮುಳ್ಳು ಎಲ್ಲವೂ ಸಮಾನವಾಗಿರುವಾಗ ಕೋರ್ಸ್‌ಗಳ ನಡುವೆ ಉಳಿಯುವ ವ್ಯತ್ಯಾಸವೆಲ್ಲ ವಿನ್ಯಾಸಕರ ತೀರ್ಮಾನಗಳದ್ದೇ.

ಕೈಸರ್ ಎಲ್ಲವನ್ನೂ ಒಬ್ಬ ವಿನ್ಯಾಸಕರಿಗೇ ಒಪ್ಪಿಸಲಿಲ್ಲ ಎಂಬುದು ಈ ಜಾಗದ ಭಾಗ್ಯ. ಮೊದಲ ಕೋರ್ಸನ್ನು ಅವರು ವಹಿಸಿದ್ದು ಆಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದಿದ್ದ ಡೇವಿಡ್ ಮೆಕ್ಲೇ ಕಿಡ್ ಎಂಬ ಸ್ಕಾಟ್ಲೆಂಡಿನ ತರುಣನಿಗೆ. ಅಲ್ಲಿನ ಗ್ಲೆನ್‌ಈಗಲ್ಸ್ ಗಾಲ್ಫ್ ಕೋರ್ಸ್‌ಗಳ ಹುಲ್ಲಿನ ಮೇಲ್ವಿಚಾರಕರಾಗಿದ್ದವರ ಮಗ. ಎರಡನೆಯದು ಡೋಕ್ ಅವರಿಗೆ, ಮೂರನೆಯದು ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಜೋಡಿಗೆ. ಕ್ರೆನ್‌ಶಾ 1984 ಮತ್ತು 1995ರಲ್ಲಿ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿ ಗೆದ್ದ ಆಟಗಾರರು. ಕೂರ್ ಅವರ ಹೆಸರು ಅಷ್ಟು ಪ್ರಸಿದ್ಧವಲ್ಲ, ಆದರೆ ನೆಲವನ್ನು ಓದುವುದರಲ್ಲಿ ಅವರಿಗೆ ಸಮನಾದವರು ಬಹಳ ಕಡಿಮೆ ಎಂದು ನನ್ನ ನಂಬಿಕೆ.

ಬ್ಯಾಂಡನ್ ಡ್ಯೂನ್ಸ್ ಕೋರ್ಸನ್ನು ನಾನು ಮೊದಲ ದಿನ ಆಡಿದೆ. ಕಿಡ್ ಅವರ ಕೈಚಳಕ ಇರುವುದು ಕಡಲನ್ನು ತೋರಿಸುವ ಕ್ರಮದಲ್ಲಿ. ಮೊದಲ ಮೂರು ಹೋಲ್‌ಗಳಲ್ಲಿ ಅವರು ಅದನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ನಾಲ್ಕನೆಯದು ಬಲಕ್ಕೆ ಬಾಗುವ ಪಾರ್ 4. ಆ ತಿರುವನ್ನು ದಾಟಿದಾಗ ಗ್ರೀನಿನ ಹಿಂದೆ ಇಡೀ ಪೆಸಿಫಿಕ್ ಸಾಗರ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅಲ್ಲಿ ನಾನು ಚೆಂಡನ್ನು ಮರೆತು ಸುಮ್ಮನೆ ನಿಂತಿದ್ದೆ, ನನ್ನ ಹಿಂದಿನ ಗುಂಪಿನವರೂ ಹಾಗೆಯೇ ನಿಂತದ್ದನ್ನು ಆಮೇಲೆ ನೋಡಿದೆ. ಐದನೆಯ ಹೋಲ್ ಕಡಲನ್ನು ಎಡಕ್ಕಿಟ್ಟುಕೊಂಡು ನೇರ ಉತ್ತರಕ್ಕೆ, ಬೇಸಿಗೆಯ ಗಾಳಿಗೆ ಎದೆಯೊಡ್ಡಿ ಸಾಗುತ್ತದೆ. ಗ್ರೀನ್ ಹತ್ತಿರವಾದಂತೆ ದಿಬ್ಬಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಒಟ್ಟು ಕೋರ್ಸ್ ಅಗಲವಾಗಿದೆ, ಧಾರಾಳವಾಗಿದೆ, ಹೊಸಬರಿಗೂ ದಾರಿ ಕೊಡುತ್ತದೆ.

ಇದಾಗಿ ಎರಡು ವರ್ಷಕ್ಕೆ, 2001ರಲ್ಲಿ, ಪಕ್ಕದಲ್ಲೇ ತೆರೆದ ಪೆಸಿಫಿಕ್ ಡ್ಯೂನ್ಸ್ ಇದಕ್ಕೆ ಉತ್ತರವೆಂಬಂತೆ ಕಾಣುತ್ತದೆ. ಡೋಕ್ ಇಲ್ಲಿ ಮಣ್ಣನ್ನು ಆದಷ್ಟು ಕಡಿಮೆ ಅಲುಗಾಡಿಸಿದರು. ಬಂಕರ್‌ಗಳ ಅಂಚು ಕತ್ತರಿಸಿಟ್ಟಂತಿಲ್ಲ, ಗಾಳಿ ಕೊರೆದುಬಿಟ್ಟ ಹಳ್ಳಗಳಂತೆ ಹರಿದುಹೋಗಿದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ಎರಡನೆಯ ಅರ್ಧ. ಸಾಮಾನ್ಯವಾಗಿ ಒಂಬತ್ತು ಹೋಲ್‌ಗಳಲ್ಲಿ ಎರಡು ಪಾರ್ 3, ಎರಡು ಪಾರ್ 5, ಉಳಿದವು ಪಾರ್ 4 ಇರುತ್ತವೆ. ಅದು ಬಹುಮಟ್ಟಿಗೆ ಬರೆಯದ ಕಾನೂನು. ಇಲ್ಲಿ ಕೊನೆಯ ಒಂಬತ್ತರಲ್ಲಿ ನಾಲ್ಕು ಪಾರ್ 3, ಮೂರು ಪಾರ್ 5, ಬರೀ ಎರಡು ಪಾರ್ 4 ಇವೆ. ಹತ್ತನೆಯದೂ ಹನ್ನೊಂದನೆಯದೂ ಬೆನ್ನುಬೆನ್ನಿಗೆ ಪಾರ್ 3. ಕಾಗದದ ಮೇಲೆ ಇದು ಎಡವಟ್ಟಿನಂತೆ ಕಾಣುತ್ತದೆ. ನಡೆಯುವಾಗ ಒಂದೆಡೆಯೂ ಹಾಗನ್ನಿಸಲಿಲ್ಲ, ಏಕೆಂದರೆ ಡೋಕ್ ಮೊದಲು ಒಳ್ಳೆಯ ಗ್ರೀನ್ ಜಾಗಗಳನ್ನು ಹುಡುಕಿ, ಪಾರ್‌ನ ಲೆಕ್ಕವನ್ನು ಆಮೇಲೆ ಹಾಕಿದ್ದಾರೆ. ಲೆಕ್ಕ ಸರಿಹೋಗಲಿ ಎಂದು ಒಂದು ಒಳ್ಳೆಯ ಜಾಗವನ್ನು ಬಿಟ್ಟುಕೊಡುವ ಸ್ವಭಾವ ಅವರದಲ್ಲ. ಒಂಬತ್ತನೆಯ ಹೋಲ್‌ಗೆ ಮೇಲೊಂದು, ಕೆಳಗೊಂದು ಎರಡು ಗ್ರೀನ್‌ಗಳಿರುವುದೂ ಇದೇ ಹಟದ ಫಲವೆಂದು ನನಗೆ ತೋರುತ್ತದೆ.

ಹದಿಮೂರನೆಯ ಹೋಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಡಕ್ಕೆ ಕಡಲು, ಬಲಕ್ಕೆ ಬೆಟ್ಟದಂಥ ಬರಿ ಮರಳಿನ ದಿಬ್ಬ, ನಡುವೆ ಅಗಲವಾದ ಹುಲ್ಲಿನ ಹಾಸು, ಎದುರಿಗೆ ಉತ್ತರದ ಗಾಳಿ. ಇದೇ ಕೋರ್ಸಿನ ನಾಲ್ಕನೆಯ ಹೋಲ್ ದಕ್ಷಿಣಕ್ಕೆ ಓಡುತ್ತದೆ, ಉದ್ದದಲ್ಲಿ ಹದಿಮೂರನೆಯದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಆದರೆ ನಾನು ಆಡಿದ ದಿನ ಬೆನ್ನ ಹಿಂದಿನ ಗಾಳಿಯಿಂದಾಗಿ ನಾಲ್ಕನೆಯದು ಗಿಡ್ಡ, ಹದಿಮೂರನೆಯದು ಮುಗಿಯದ ದಾರಿ. ಚಳಿಗಾಲದಲ್ಲಿ ಇವೆರಡೂ ಪಾತ್ರ ಬದಲಿಸಿಕೊಳ್ಳುತ್ತವೆ. ಹೀಗೆ ಎರಡು ಮುಖ್ಯ ಗಾಳಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿನ್ಯಾಸಕನಿಗೆ ಅಗಲವಾದ ಫೇರ್‌ವೇ ಎಂಬುದು ಔದಾರ್ಯವಷ್ಟೇ ಅಲ್ಲ, ಅನಿವಾರ್ಯವೂ ಹೌದು. ಇಕ್ಕಟ್ಟಾದ ಹೋಲ್ ಒಂದು ಗಾಳಿಯಲ್ಲಿ ನ್ಯಾಯವಾಗಿದ್ದರೆ ಇನ್ನೊಂದು ಗಾಳಿಯಲ್ಲಿ ಆಡಲಾಗದಂತಾಗುತ್ತದೆ.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ, ಈ ಎರಡು ಕೋರ್ಸ್‌ಗಳಲ್ಲಿ ವಿನ್ಯಾಸ ಎಷ್ಟು, ಕಡಲು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಪ್ರಪಾತದ ಅಂಚಿನಲ್ಲಿ ಗ್ರೀನ್ ಇದ್ದರೆ ಸಾಧಾರಣ ಹೋಲ್ ಕೂಡ ಮರೆಯಲಾಗದ್ದಾಗುತ್ತದೆ. ಕಣ್ಣು ಕಡಲಿನ ಕಡೆ ಹೋದಾಗ ನೆಲ ಕೇಳುತ್ತಿರುವ ಪ್ರಶ್ನೆ ಕಿವಿಗೆ ಬೀಳುವುದಿಲ್ಲ.

ಅದಕ್ಕೇ 2005ರಲ್ಲಿ ತೆರೆದ ಬ್ಯಾಂಡನ್ ಟ್ರೇಲ್ಸ್ ಕೋರ್ಸನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಇದು ಕಡಲಿಗೆ ಬೆನ್ನು ಹಾಕಿ ಹೊರಡುತ್ತದೆ. ಮೊದಲ ಎರಡು ಹೋಲ್‌ಗಳು ಮರಳುದಿಬ್ಬಗಳ ನಡುವೆ. ಮೂರನೆಯದು ಬಯಲಿಗೆ ಇಳಿಯುತ್ತದೆ. ಆಮೇಲೆ ಎತ್ತರದ ಸೂಚಿಪರ್ಣಿ ಮರಗಳ ಕಾಡು. ಕೊನೆಗೆ ಮತ್ತೆ ದಿಬ್ಬಗಳಿಗೆ ವಾಪಸು. ಕೂರ್ ಮತ್ತು ಕ್ರೆನ್‌ಶಾ ಅವರ ಎದುರಿಗಿದ್ದ ನಿಜವಾದ ಕಷ್ಟ ಮೂರು ಬೇರೆ ಬೇರೆ ನೆಲಗಳನ್ನು ಹೊಲಿಗೆ ಕಾಣದಂತೆ ಜೋಡಿಸುವುದು. ಮರಳಿನಿಂದ ಕಾಡಿಗೆ ಕಾಲಿಟ್ಟ ಗಳಿಗೆ ಯಾವುದು ಎಂದು ನಾನು ಎರಡು ಸುತ್ತು ಆಡಿದರೂ ಗುರುತಿಸಲಾರದೆ ಹೋದೆ. ಮೂರನೆಯ ಹೋಲ್‌ನ ಅಂಚಿನಲ್ಲಿ ಮರಳಿನ ಪಟ್ಟಿ ಕ್ರಮೇಣ ತೆಳುವಾಗುತ್ತದೆ, ಹುಲ್ಲಿನ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಗಾಳಿಯ ಸದ್ದು ಕಿವಿಯಿಂದ ಮರದ ತುದಿಗೆ ಏರುತ್ತದೆ. ಕಾಡಿನೊಳಗೆ ಗಾಳಿ ನೆಲದ ಮಟ್ಟದಲ್ಲಿ ಇಲ್ಲವೆನಿಸಿದರೂ ಚೆಂಡು ಮರಗಳ ನೆತ್ತಿಯನ್ನು ದಾಟಿದೊಡನೆ ಬೇರೆ ದಾರಿ ಹಿಡಿಯುತ್ತದೆ. ತೆರೆದ ಕಡಲಂಚಿನಲ್ಲಿ ಗಾಳಿ ಮೈಗೆ ಹೊಡೆದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಇಲ್ಲಿ ಅದನ್ನು ಊಹಿಸಬೇಕು.

ಟ್ರೇಲ್ಸ್‌ನ ಹದಿನಾಲ್ಕನೆಯ ಹೋಲ್ ಬಗ್ಗೆ ಆಟಗಾರರಲ್ಲಿ ಒಮ್ಮತವಿಲ್ಲ. ಹದಿಮೂರನೆಯ ಗ್ರೀನ್‌ನಿಂದ ಅದರ ಟೀಗೆ ಏರು ಎಷ್ಟು ಕಡಿದೆಂದರೆ, ನಡೆಯುವುದೇ ನಿಯಮವಾದ ಈ ಜಾಗದಲ್ಲೂ ಮೇಲಕ್ಕೆ ಕರೆದೊಯ್ಯಲು ವಾಹನವಿದೆ. ಮೇಲೆ ನಿಂತರೆ ದೂರದಲ್ಲಿ ಕಡಲು ಕಾಣುತ್ತದೆ. ಕೆಳಗೆ ಒಂದು ಗಿಡ್ಡ ಪಾರ್ 4, ಚೆನ್ನಾಗಿ ಹೊಡೆಯುವವರಿಗೆ ಒಂದೇ ಏಟಿನಲ್ಲಿ ಗ್ರೀನ್ ಮುಟ್ಟುವ ಆಸೆ ಹುಟ್ಟಿಸುವಷ್ಟು ಹತ್ತಿರ. ಫೇರ್‌ವೇ ಒಂದು ಬದಿಗೆ ವಾಲಿದೆ, ಗ್ರೀನ್ ಕಿರಿದಾಗಿ ಆಮೆಯ ಬೆನ್ನಿನಂತಿದೆ. ನಾನು ಆಸೆಗೆ ಬಿದ್ದು, ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ತೆಗೆದೆ. ಚೆಂಡು ಒಳ್ಳೆಯದಾಗಿಯೇ ಹೋಯಿತು, ಆದರೆ ಬಿದ್ದ ಮೇಲೆ ತಗ್ಗಿನ ಬದಿಗೆ ಜಾರಿತು. ಅಲ್ಲಿಂದ ಗ್ರೀನ್ ಅಡ್ಡಡ್ಡವಾಗಿ, ಅಂಗೈ ಅಗಲವಾಗಿ ಕಂಡಿತು. ಮೊದಲ ಚಿಪ್ (ಗಿಡ್ಡ ಹೊಡೆತ) ಆಚೆ ಬದಿಗೆ ಉರುಳಿತು, ಎರಡನೆಯದು ಈಚೆಗೆ ಬಂತು. ಬರ್ಡಿಯ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಲೆಕ್ಕ ಹಾಕಿದ್ದ ಜಾಗದಲ್ಲಿ ಏಳು ಬರೆದುಕೊಂಡೆ. ನನ್ನ ಜೊತೆ ಆಡುತ್ತಿದ್ದ ಹಿರಿಯರೊಬ್ಬರು ಟೀಯಿಂದ ಮಧ್ಯಮ ಅಳತೆಯ ಕ್ಲಬ್ಬಿನಲ್ಲಿ ಎತ್ತರದ ಬದಿಗೆ ಹೊಡೆದು, ಎರಡನೆಯ ಏಟಿಗೆ ಗ್ರೀನಿನ ಉದ್ದಕ್ಕೂ ನೇರವಾಗಿ ಆಡುವ ಕೋನ ಪಡೆದು, ನಿರಾಯಾಸವಾಗಿ ನಾಲ್ಕರಲ್ಲಿ ಮುಗಿಸಿದರು. ಹಲವರು ಈ ಹೋಲನ್ನು ಅನ್ಯಾಯ ಎನ್ನುತ್ತಾರೆ. ನನಗೆ ಹಾಗೆನಿಸಲಿಲ್ಲ. ಎಷ್ಟು ದೂರ ಹೊಡೆದೆ ಎಂದು ಅದು ಕೇಳುವುದಿಲ್ಲ, ಯಾವ ಕಡೆಯಿಂದ ಬಂದೆ ಎಂದು ಕೇಳುತ್ತದೆ; ಆ ಪ್ರಶ್ನೆಯನ್ನು ಟೀ ಮೇಲೆ ನಿಂತಾಗಲೇ ಪೂರ್ತಿಯಾಗಿ ಕಣ್ಣಿಗೆ ಕಾಣುವಂತೆ ಇಟ್ಟಿದೆ. ಮುಚ್ಚಿಟ್ಟು ಶಿಕ್ಷಿಸಿದ್ದರೆ ಅನ್ಯಾಯ ಎನ್ನಬಹುದಿತ್ತು.

ಕೋನದ ಈ ಮಾತು ಓಲ್ಡ್ ಮ್ಯಾಕ್‌ಡೊನಾಲ್ಡ್‌ಗೆ ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. 2010ರಲ್ಲಿ ತೆರೆದ ಈ ಕೋರ್ಸ್ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಅವರಿಗೆ ಸಲ್ಲಿಸಿದ ಗೌರವ. ಹದಿಹರೆಯದಲ್ಲಿ ಓದಲೆಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋಗಿ ಗಾಲ್ಫ್ ಕಲಿತು ಬಂದ ಇವರು, 1895ರಲ್ಲಿ ಮೊದಲ ಅಮೆರಿಕನ್ ಅಮೆಚೂರ್ (ಹವ್ಯಾಸಿ) ಚಾಂಪಿಯನ್ ಆದರು. ಮುಂದೆ ಬ್ರಿಟನ್‌ನ ಅತ್ಯುತ್ತಮ ಹೋಲ್‌ಗಳ ತತ್ತ್ವವನ್ನು ಆಯ್ದು ತಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದರು. ಅವರು ಬದುಕಿದ್ದು ಈ ನೆಲವನ್ನು ಕಂಡಿದ್ದರೆ ಏನು ಮಾಡುತ್ತಿದ್ದರು ಎಂಬ ಊಹೆಯೇ ಓಲ್ಡ್ ಮ್ಯಾಕ್‌ಡೊನಾಲ್ಡ್‌ನ ಬೀಜ. ಎರಡನೆಯ ಹೋಲ್ ಸೇಂಟ್ ಆಂಡ್ರೂಸ್‌ನ ಹನ್ನೊಂದನೆಯದರಿಂದ ಬಂದ ‘ಈಡನ್’, ಎಂಟನೆಯದು ಗ್ರೀನಿನ ನಡುವೆ ಅಡ್ಡಲಾಗಿ ಆಳದ ತಗ್ಗಿರುವ ‘ಬಿಯಾರಿಟ್ಜ್’, ಹನ್ನೊಂದನೆಯದು ‘ರೋಡ್’, ಹದಿನಾರನೆಯದು ದಿಬ್ಬವೊಂದು ಗ್ರೀನನ್ನು ಮರೆಮಾಡುವ ‘ಆಲ್ಪ್ಸ್’. ಫೇರ್‌ವೇಗಳು ಎಷ್ಟು ಅಗಲವೆಂದರೆ ಚೆಂಡು ಕಳೆದುಹೋಗುವುದೇ ಅಪರೂಪ. ಗ್ರೀನ್‌ಗಳು ಈ ರೆಸಾರ್ಟಿನಲ್ಲೇ ಅತಿ ದೊಡ್ಡವು. ಇಷ್ಟು ಜಾಗವಿದ್ದರೆ ಸುಲಭವಾಗಬೇಕಲ್ಲವೇ ಎಂದು ನಾನೂ ಎಣಿಸಿದ್ದೆ. ಐದನೆಯ ಹೋಲ್‌ನಲ್ಲಿ ಗ್ರೀನ್ ಮೇಲೆಯೇ ಚೆಂಡು ಇಟ್ಟೆ. ಆದರೆ ಬಾವುಟಕ್ಕೂ ಅದಕ್ಕೂ ನಡುವೆ ಎರಡು ಏರು, ಒಂದು ಇಳಿಜಾರು, ಲೆಕ್ಕಕ್ಕೆ ಸಿಗದಷ್ಟು ದೂರ. ಪಟ್ ಮಾಡಲು ಬಾವುಟಕ್ಕೆ ಹೆಚ್ಚುಕಡಿಮೆ ಬೆನ್ನು ತಿರುಗಿಸಿ ನಿಲ್ಲಬೇಕಾಯಿತು. ದೊಡ್ಡ ಗ್ರೀನ್ ಎಂದರೆ ತಪ್ಪಿಸಿಕೊಳ್ಳಲಾಗದ ಗ್ರೀನ್, ಅಷ್ಟೇ. ಅದರ ಮೇಲೆ ಸರಿಯಾದ ಜಾಗದಲ್ಲಿ ಇರುವುದು ಬೇರೆಯದೇ ವಿದ್ಯೆ. ಟ್ರೇಲ್ಸ್‌ನ ಹದಿನಾಲ್ಕು ಕಿರಿದಾದ ಗುರಿಯಿಂದ ಕೇಳುವುದನ್ನೇ ಓಲ್ಡ್ ಮ್ಯಾಕ್‌ಡೊನಾಲ್ಡ್ ವಿಶಾಲವಾದ ಗುರಿಯಿಂದ ಕೇಳುತ್ತದೆ.

ನನಗೆ ಒಂದು ಅಸಮಾಧಾನವೂ ಇದೆ. ಹೆಸರಿಟ್ಟು ತೋರಿಸಿದ ಹೋಲ್‌ಗಳನ್ನು ಆಡುವಾಗ ಮನಸ್ಸು ಪದೇ ಪದೇ ಮೂಲದ ಕಡೆ ಓಡುತ್ತದೆ. ಇದು ಅದರಂತಿದೆಯೇ, ಇಲ್ಲಿ ಏನು ಬದಲಾಗಿದೆ ಎಂದು ಪರೀಕ್ಷೆ ಮಾಡುವುದರಲ್ಲೇ ಹೊಡೆತ ಕಳೆದುಹೋಗುತ್ತದೆ. ಪೆಸಿಫಿಕ್ ಡ್ಯೂನ್ಸ್‌ನ ಮೌನ ರೆಡಾನ್ ನನಗೆ ಹೆಚ್ಚು ಪ್ರಿಯವಾದದ್ದು ಈ ಕಾರಣಕ್ಕೆ. ಆದರೆ ಅದರ ಮೌನ ಅರ್ಥವಾದದ್ದು ಮರುದಿನ ಅದರ ಹೆಸರುಳ್ಳ ಸೋದರನನ್ನು ಕಂಡ ಮೇಲೆಯೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಶೀಪ್ ರ‍್ಯಾಂಚ್ ಎಲ್ಲಕ್ಕಿಂತ ಕಿರಿಯದು, 2020ರಲ್ಲಿ ತೆರೆದದ್ದು, ಇದೂ ಕೂರ್ ಮತ್ತು ಕ್ರೆನ್‌ಶಾ ಅವರದೇ. ಇದಕ್ಕೂ ಮೊದಲು ಅಲ್ಲಿ ಡೋಕ್ ಮತ್ತು ಅರ್ಬಿನಾ ಮಾಡಿದ್ದ ಹದಿಮೂರು ಗ್ರೀನ್‌ಗಳ ಒಂದು ಕೋರ್ಸ್ ಇತ್ತು. ಅದಕ್ಕೆ ನಿಶ್ಚಿತವಾದ ಕ್ರಮವೇ ಇರಲಿಲ್ಲ, ಎಲ್ಲಿಂದ ಎಲ್ಲಿಗೆ ಆಡಬೇಕೆಂಬುದನ್ನು ಆಟಗಾರರೇ ತೀರ್ಮಾನಿಸುತ್ತಿದ್ದರು. ಹೊಸ ಕೋರ್ಸಿನಲ್ಲಿ ಒಂಬತ್ತು ಗ್ರೀನ್‌ಗಳು ಪ್ರಪಾತದ ಅಂಚಿನಲ್ಲಿವೆ, ಮರಳಿನ ಬಂಕರ್ ಒಂದೂ ಇಲ್ಲ. ಈ ಮೂಲೆಯಲ್ಲಿ ಗಾಳಿಯ ಹೊಡೆತ ಎಷ್ಟೆಂದರೆ ಬಂಕರಿಗೆ ಹಾಕಿದ ಮರಳು ಬಂಕರಿನಲ್ಲಿ ಉಳಿಯುವುದಿಲ್ಲ. ಟ್ರೇಲ್ಸ್‌ನಲ್ಲಿ ಮರಳನ್ನೇ ದಾರಕ್ಕಿಟ್ಟು ಮೂರು ನೆಲಗಳನ್ನು ಹೊಲಿದ ಕೈಗಳೇ ಇಲ್ಲಿ ಮರಳನ್ನು ಪೂರ್ತಿಯಾಗಿ ಕೈಬಿಟ್ಟಿವೆ. ಅದರ ಬದಲು ಹುಲ್ಲು ಹೊದ್ದ ಗುಳಿಗಳು, ದಿಣ್ಣೆಗಳು, ಒಂದೇ ಸಮನೆ ಏರಿಳಿಯುವ ನೆಲ. ಬಂಕರ್ ಕಣ್ಣಿಗೆ ಎಚ್ಚರಿಕೆ ಕೊಡುತ್ತದೆ, ಅಲ್ಲಿಗೆ ಹೋಗಬೇಡ ಎನ್ನುತ್ತದೆ; ಅದಿಲ್ಲದಾಗ ಎಲ್ಲಿ ಹೋಗಬಾರದು ಎಂಬುದನ್ನು ನೆಲದ ಮಡಿಕೆಗಳಲ್ಲೇ ಓದಿಕೊಳ್ಳಬೇಕು. ಟ್ರೇಲ್ಸ್‌ನ ಕಾಡಿನಲ್ಲಿ ಎರಡು ದಿನ ಹೀಗೆ ಓದುವ ಅಭ್ಯಾಸವಾಗಿದ್ದರಿಂದಲೋ ಏನೋ, ಕಡಲು ಕಣ್ಣೆದುರಿಗೇ ಇದ್ದರೂ ಆ ದಿನ ನಾನು ನೆಲದಿಂದ ಕಣ್ಣು ತೆಗೆಯಲಿಲ್ಲ.

ಶೀಪ್ ರ‍್ಯಾಂಚ್‌ನ ಮೂರನೆಯ ಮತ್ತು ಹದಿನಾರನೆಯ ಹೋಲ್‌ಗಳೆರಡೂ ಪಾರ್ 3. ಫೈವ್‌ಮೈಲ್ ಪಾಯಿಂಟ್ ಎಂಬ, ಕಡಲೊಳಗೆ ಚಾಚಿದ ಬಂಡೆಯ ತುದಿಯಲ್ಲಿ ಒಂದೇ ದೊಡ್ಡ ಗ್ರೀನನ್ನು ಹಂಚಿಕೊಳ್ಳುತ್ತವೆ. ಕೊನೆಯ ಸಂಜೆ ನಾವು ಹದಿನಾರನೆಯದನ್ನು ಮುಗಿಸಲು ಅಲ್ಲಿಗೆ ತಲುಪಿದಾಗ, ತಡವಾಗಿ ಹೊರಟಿದ್ದ ಗುಂಪೊಂದು ಮೂರನೆಯದರಲ್ಲಿ ಪಟ್ ಮಾಡುತ್ತಿತ್ತು. ಗಾಳಿಗೆ ಎರಡೂ ಬಾವುಟಗಳು ದಕ್ಷಿಣಕ್ಕೆ ಬಿಗಿದುಕೊಂಡಿದ್ದವು. ಅವರ ಪೈಕಿ ಒಬ್ಬರ ಚೆಂಡು ಇಳಿಜಾರಿಗೆ ಸಿಕ್ಕು, ತನ್ನ ಬಾವುಟವನ್ನು ದಾಟಿ ನಮ್ಮ ಕಡೆಗೆ ಉರುಳಿ ಬಂದು, ನನ್ನ ಚೆಂಡಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವರು ಅದರ ಹಿಂದೆಯೇ ನಡೆದು ಬಂದು, ಕುಕ್ಕರಗಾಲಲ್ಲಿ ಕುಳಿತು, ತಾವು ದಾಟಿ ಬಂದ ಇಳಿಜಾರನ್ನು ಈ ಕಡೆಯಿಂದ ಬಹಳ ಹೊತ್ತು ನೋಡಿದರು. ನಾನು ನನ್ನ ಪಟರನ್ನು ತೆಗೆದುಕೊಳ್ಳದೆ, ಅವರದು ಮುಗಿಯಲಿ ಎಂದು ಕಾಯುತ್ತಾ ಅವರ ಪಕ್ಕದಲ್ಲೇ ನಿಂತು ಅದೇ ನೆಲವನ್ನು ನೋಡುತ್ತಿದ್ದೆ.